ಲಿಯಾಂಡರ್ ಫ್ರಿಪ್ ಗೊತ್ತಾ?

ಫಿಲಡೆಲ್ಫಿಯಾ
ಮಾರ್ಚ್ 11, 2018

ಕೂಟಾ ಮಾವನಿಗೆ,

ಹೆರ್ನಿಯಾ ಆಪರೇಷನ್ ಆಗಿ ಹತ್ತು ದಿನವಾದ ಮೇಲೆ ತಿಳಿಸುತ್ತೀಯಲ್ಲ, ನಿನಗೆ ಏನು ಹೇಳಬೇಕು? ಅದೂ ಸೀಗಡಿಯ ಬೆಲೆ ಇಳಿದದ್ದು, ಪಾದ್ರಿಯ ಹೊಸ ಕಾರು ಮಣ್ಣಿನಲ್ಲಿ ಹೂತದ್ದು ಎಲ್ಲವನ್ನೂ ವಿಸ್ತಾರವಾಗಿ ಬರೆದು, ಕೊನೆಗೆ ‘ಅಂದ ಹಾಗೆ’ ಎಂದು ಒಂದೇ ಒಂದು ಸಾಲು! ನಿನಗೆ ಕೂಟಾ, ಅಂದರೆ ಆಮೆ, ಎಂದು ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ. ಮುಟ್ಟಿದರೆ ಸಾಕು, ತಲೆ ಒಳಗೆ.

ಫೋನ್ ಮಾಡೋಣವೆಂದರೆ ದೋಣಿಯ ಎಂಜಿನ್ ನಿನ್ನ ಎರಡೂ ಕಿವಿ ತಿಂದುಹಾಕಿದೆ. ಹೋದ ವರ್ಷ ಮಾಡಿದಾಗ ನೀನು ‘ಯಾರು? ಯಾರು?’ ಎಂದು ಕೂಗಿ ಕೂಗಿ, ‘ಬೇಡ, ನಮಗೆ ವಿಮೆ ಬೇಡ’ ಎಂದು ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ. ಭಾರ ಎತ್ತಬೇಡ. ಬಲೆ ಬೀಸಬೇಡ. ಬಾಯ್ಸೀ ಪಕ್ಕದಲ್ಲೇ ಇದ್ದಾನಲ್ಲ, ಅವನಿಂದ ಕೆಲಸ ಮಾಡಿಸು.

ಹೋದ ಸಲ ಲಕೋಟೆಯ ಮೇಲೆ ಎಂದಿನಂತೆ, ನಿನ್ನ ಚರ್ಚಿನ ಪದವಿಯನ್ನೂ ಸೇರಿಸಿ, ‘ಡೀಕನ್ ಕೂಟಾ, ಸೇಂಟ್ ಹೆಲೆನಾ ದ್ವೀಪ’ ಎಂದು ಬರೆದೆ. ಇಲ್ಲಿಯ ಅಂಚೆಯವನು, ‘ಇದು ಮನುಷ್ಯನ ಹೆಸರಾ?’ ಎಂದು ಕೇಳಿದ. ನಮ್ಮಲ್ಲಿ ಎಲ್ಲರಿಗೂ ಎರಡು ಹೆಸರು ಕಣಪ್ಪ, ಬುಟ್ಟಿಯಲ್ಲಿ ಮಲಗಿಸಿ ಕರೆದದ್ದು ಒಂದು, ಸರ್ಕಾರದ ಕಾಗದದಲ್ಲಿರುವುದು ಇನ್ನೊಂದು, ನಾವು ಬುಟ್ಟಿ ಹೆಸರಲ್ಲೇ ಬಾಳುತ್ತೇವೆ ಎಂದು ಹೇಳಿದೆ. ‘ಹಾಗಾದ್ರೆ ಕಾಗದದ ಹೆಸರು ಯಾವಾಗ ಗೊತ್ತಾಗುತ್ತೆ?’ ಎಂದ. ಸತ್ತಾಗ ಎಂದೆ. ಅವನು ನನ್ನನ್ನು ಒಂದು ಥರ ನೋಡಿದ.

ನೀನು ಕಳಿಸಿದ ಒಣ ಸೀಗಡಿ ಮುಗಿಯಿತು. ಕೇಳುತ್ತಿಲ್ಲ, ಸುಮ್ಮನೆ ಹೇಳಿದೆ.

ನಿನ್ನ ಜಗಲಿಯಲ್ಲಿ ಬೆಳೆದ
ಬೆನ್ನೆ

*

ಸೇಂಟ್ ಹೆಲೆನಾ
ಮಾರ್ಚ್ 22, 2018

ಬೆನ್ನೆ ತಾಯಿ,

ಬೈಗಳ ಪತ್ರ ತಲುಪಿತು. ಮಿಸ್ ಓರಾ ಅದನ್ನು ಅಂಚೆ ಕಿಟಕಿಯಿಂದ ಕೊಡುತ್ತ, ಇಡೀ ಸಾಲಿಗೆ ಕೇಳುವ ಹಾಗೆ, ‘ನಿಮ್ಮ ಡಾಕ್ಟರಮ್ಮ ಬರೆದಿದ್ದಾಳೆ ಡೀಕನ್ನೇ, ಲಕೋಟೆ ಬಿಸಿಯಾಗಿದೆ!’ ಎಂದು ಕಿರುಚಿದಳು. ನನಗೆ ಕೇಳುವ ಹಾಗೆ ಕಿರುಚಿದರೆ ಚಾರ್ಲ್ಸ್‌ಟನ್ನಿಗೂ ಕೇಳುತ್ತದೆ.

ನಾನು ಚೆನ್ನಾಗಿದ್ದೇನೆ. ಹೊಲಿಗೆ ಒಣಗಿದೆ. ಬಾಯ್ಸೀಯ ಹೆಂಡತಿ ದಿನಾ ಗಂಜಿ ತಂದು ಕೊಡುತ್ತಾಳೆ. ಕೆಂಪನ್ನ ತಿನ್ನಬೇಡ, ಬೆಂಡೆ ತಿನ್ನಬೇಡ, ಸಾಸೇಜ್ ಅಂತೂ ಮೂಸಲೂ ಬೇಡ ಎಂದು ಕಾವಲು. ಹೆರ್ನಿಯಾಗೆ ಇಷ್ಟೆಲ್ಲ ಪಥ್ಯ ಯಾಕೆ ಎಂದು ನೀನು ಕೇಳಬೇಡ, ನನಗೂ ಗೊತ್ತಿಲ್ಲ.

ಒಂದು ವಿಷಯ ಕೇಳಬೇಕಿತ್ತು. ನೀನು ಅಲ್ಲಿ ದೊಡ್ಡ ಕರುಳಿನ ಗಡ್ಡೆಗಳನ್ನು ಗಾಜಿನ ಮೇಲಿಟ್ಟು ನೋಡುತ್ತೀಯಲ್ಲ. ಗಡ್ಡೆ ಕೊಯ್ದು ತೆಗೆದ ಮೇಲೆ ಅದು ಮುಗಿಯಿತು ಎಂದು ಲೆಕ್ಕವೋ, ಇಲ್ಲವೋ? ನನಗಾಗಿ ಕೇಳುತ್ತಿಲ್ಲ. ಪ್ರಾರ್ಥನೆ ಮನೆಯಲ್ಲಿ ಒಬ್ಬರು ‘ಬಾಯಿಬಿಡದ ಬೇಡಿಕೆ’ ಎಂದು ಕೈಯೆತ್ತಿದರು. ಏನು, ಎತ್ತ ಎಂದು ಯಾರೂ ಕೇಳುವುದಿಲ್ಲವಲ್ಲ, ಎಲ್ಲರೂ ಮಂಡಿಯೂರಿದೆವು. ಆಮೇಲೆ ಅವರು ನನ್ನ ಹತ್ತಿರ ಬಂದು ಹೀಗೆ ಹೀಗೆ ಎಂದರು. ಅವರಿಗೆ ಹೇಳಬೇಕು. ಮತ್ತೆ, ನಿನ್ನ ಗಾಜಿನಲ್ಲಿ ಏನು ಕಾಣುತ್ತದೆ ಎಂದು ನೀನು ನನಗೆ ಒಂದು ದಿನವೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ಅರ್ಥವಾಗದಷ್ಟು ದಡ್ಡನಲ್ಲ ನಾನು.

ಒಣ ಸೀಗಡಿ ಬಾಯ್ಸೀ ಕೈಯಲ್ಲಿ ಕಳಿಸುತ್ತೇನೆ. ‘ಕೇಳುತ್ತಿಲ್ಲ’ ಅಂತೆ!

ಕೂಟಾ

*

ಫಿಲಡೆಲ್ಫಿಯಾ
ಏಪ್ರಿಲ್ 4, 2018

ಕೂಟಾ ಮಾವನಿಗೆ,

ಮೊದಲು ಆ ‘ಒಬ್ಬರಿಗೆ’ ಉತ್ತರ. ಗಡ್ಡೆ ತೆಗೆದ ಮೇಲೂ ಕಣ್ಣಿಗೆ ಕಾಣದ ಚೂರುಪಾರು ಎಲ್ಲೋ ಅಡಗಿರಬಹುದು. ಅದನ್ನು ಗುಡಿಸುವುದಕ್ಕೇ ಕೀಮೋ ಕೊಡುವುದು. ಎಲ್ಲರಿಗೂ ಬೇಕಾಗುವುದಿಲ್ಲ, ಬೇಕು ಎಂದು ಡಾಕ್ಟರು ಹೇಳಿದ್ದರೆ ಆಪರೇಷನ್ ಆದ ಎರಡು ತಿಂಗಳೊಳಗೆ ಶುರು ಮಾಡಬೇಕು. ಹೋಗಲು ಹೇಳು.

ಇನ್ನು ನನ್ನ ಗಾಜಿನ ಕಥೆ. ನೀನು ಕೇಳಿದೆ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಊಟ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಮೈಯೊಳಗೆ ಕಾವಲುಗಾರರಿದ್ದಾರೆ ಮಾವ. ಎಲ್ಲಿ ಕೆಟ್ಟದ್ದು ತಲೆಯೆತ್ತಿದರೂ ಹೋಗಿ ಹೊಡೆದು ಹಾಕುವುದು ಅವರ ಕೆಲಸ. ಗಡ್ಡೆಯ ತೆಳುವಾದ ಒಂದು ಹೋಳಿಗೆ ಬಣ್ಣ ಹಾಕಿ ನೋಡಿದರೆ ಅವರು ಎಲ್ಲೆಲ್ಲಿ ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ, ಎಲ್ಲ ಕಾಣುತ್ತದೆ.

ಮೊನ್ನೆ ನಮ್ಮ ಜಿಲ್ಲೆಯ ಗಾಜೊಂದು ಬಂತು! ಹೆಸರು ನಮಗೆ ಹೇಳುವುದಿಲ್ಲ. ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಬಿಳಿಯರೋ ಕರಿಯರೋ, ಕರುಳಿನ ಯಾವ ಭಾಗ, ಇಷ್ಟೇ. ಅರವತ್ನಾಲ್ಕರ ಗಂಡಸು, ನಮ್ಮವನೇ, ಎಡಭಾಗ. ಬರೀ ಜಿಲ್ಲೆಯ ಹೆಸರು ನೋಡಿಯೇ ನನಗೆ ಕೆಸರಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಆದರೆ ಒಳಗೆ ನೋಡಿದರೆ ಬೇಜಾರು. ಕಾವಲುಗಾರರು ಬಂದಿದ್ದಾರೆ, ಗಡ್ಡೆಯ ತುಂಬ ಇದ್ದಾರೆ, ಆದರೆ ಕೈ ಕಟ್ಟಿ ಸುಮ್ಮನೆ ನಿಂತಿದ್ದಾರೆ. ಕಳ್ಳ ಕಣ್ಣೆದುರೇ ಓಡಾಡುತ್ತಿದ್ದರೂ ಕೋಲೆತ್ತುವುದಿಲ್ಲ. ನಾವು ನೋಡಿದ ಬಿಳಿಯರ ಗಾಜುಗಳಲ್ಲಿ ಇದು ಕಡಿಮೆ, ನಮ್ಮವರದ್ದರಲ್ಲೇ ಹೆಚ್ಚು. ಏಕೆ ಎಂದು ಯಾರಿಗೂ ಗೊತ್ತಿಲ್ಲ. ಇಂಥವರಿಗೆ ಔಷಧಿ ಕೊಟ್ಟರೂ ಎಷ್ಟು ಹಿಡಿಯುತ್ತದೋ! ಪಾಪ, ಯಾರ ಮನೆಯ ಯಜಮಾನನೋ.

ನೋಡು, ಹೇಳು ಎಂದೆ, ಹೇಳಿದೆ. ಅರ್ಥವಾಯಿತೋ?

ಬೆನ್ನೆ

*

ಸೇಂಟ್ ಹೆಲೆನಾ
ಏಪ್ರಿಲ್ 30, 2018

ಬೆನ್ನೆ,

ಅರ್ಥವಾಯಿತು. ಚೆನ್ನಾಗಿ ಬಿಡಿಸಿ ಬರೆದಿದ್ದೀಯ.

ಕೈ ಕಟ್ಟಿ ನಿಂತಿದ್ದಾರೆ ಎಂದು ಓದಿದಾಗ ನನಗೆ ಕ್ಯಾಪ್ಟನ್ ಹಾಲಿಸ್ ನೆನಪಾದ. ನೀನು ಅವನನ್ನು ನೋಡಿಲ್ಲ. ಆ ಬಿಳಿಯನ ದೋಣಿಯಲ್ಲೇ ನಾನು ಮೊದಲು ಸೀಗಡಿಗೆ ಹೋದದ್ದು. ಕತ್ತಲಿರುವಾಗಲೇ ಬಲೆ ಎಳೆಯಲು ನಿಂತು, ಬಿಸಿಲು ನೆತ್ತಿಗೆ ಬಂದ ಮೇಲೆ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿದರೆ, ಮೇಲಿನಿಂದ ಅವನ ಮಾತು: ‘ನೋಡ್ರೋ, ಇವರ ಜನವೇ ಇಷ್ಟು. ನಿಂತಲ್ಲೇ ನಿದ್ದೆ. ನಿಂತ್ಕೊಳ್ಳೋಕೆ ಕರ್ಕೊಂಡು ಬಂದಿದ್ದೀನಾ ನಾನು?’ ಆಗ ನನಗೆ ಕಿವಿ ಚೆನ್ನಾಗಿತ್ತು.

ಅವನ ಮಾತನ್ನು ನಾನು ಒಂದು ದಿನವೂ ನಂಬಲಿಲ್ಲ. ನೀನು ಗಾಜಿನಲ್ಲಿ ಕಣ್ಣಾರೆ ಕಂಡವಳು. ನಿನ್ನ ಮಾತು ನಂಬಲೇಬೇಕಲ್ಲ.

ಇಲ್ಲಿ ಎಲ್ಲ ಮಾಮೂಲು. ಬೀಸುಬಲೆ ಬಾಯ್ಸೀಗೆ ಕೊಟ್ಟೆ. ಚಿಕ್ಕ ದೋಣಿಯನ್ನೂ ತೆಗೆದುಕೊಂಡು ಹೋಗು ಎಂದೆ, ಅವನು ‘ಯಾಕೆ, ಸ್ವರ್ಗಕ್ಕೆ ಸೇತುವೆ ಕಟ್ಟಿದ್ದಾರಾ?’ ಎಂದು ನಕ್ಕ. ನಿನ್ನ ಅಮ್ಮನ ಕುರ್ಚಿಯೊಂದು ನನ್ನ ಜಗಲಿಯಲ್ಲಿದೆ. ಬೇಕಾದರೆ ಬಂದಾಗ ಒಯ್ಯಿ.

ಕೂಟಾ

*

ಫಿಲಡೆಲ್ಫಿಯಾ
ಮೇ 9, 2018

ಕೂಟಾ ಮಾವನಿಗೆ,

ನಿನ್ನ ಪತ್ರ ಓದಿ ನನಗೆ ನಗುವೋ ನಗು. ಕೊನೆಗೂ ಮನೆ ಖಾಲಿ ಮಾಡಲು ಶುರು ಮಾಡಿದೆಯಲ್ಲ! ಅಮ್ಮ ಇದ್ದಿದ್ದರೆ ‘ಸೂರ್ಯ ಯಾವ ಕಡೆ ಹುಟ್ಟಿದ?’ ಎನ್ನುತ್ತಿದ್ದಳು. ಆ ತುಕ್ಕು ಹಿಡಿದ ಲಂಗರನ್ನೂ ಕೊಟ್ಟುಬಿಡು, ಪ್ರತಿ ಸಲ ಅದಕ್ಕೇ ಎಡವುತ್ತೇನೆ. ಕುರ್ಚಿ ಮಾತ್ರ ಅಲ್ಲೇ ಇರಲಿ. ನಾನು ಬಂದರೆ ಎಲ್ಲಿ ಕೂರಲಿ?

ಕ್ಯಾಪ್ಟನ್ ಹಾಲಿಸ್ ಕಥೆ ಚೆನ್ನಾಗಿದೆ, ಇಂಥವು ಇನ್ನೂ ಬರೆ.

ಒಂದು ತಮಾಷೆ ಕೇಳು. ನಮ್ಮಲ್ಲಿ ಡೆನೀಸ್ ಎಂಬವಳಿದ್ದಾಳೆ. ಗಡ್ಡೆ ಕೊಟ್ಟ ರೋಗಿಗಳು ಆಮೇಲೆ ಚಿಕಿತ್ಸೆಗೆ ಹೋಗುತ್ತಿದ್ದಾರೋ ಇಲ್ಲವೋ ಎಂದು ದಕ್ಷಿಣದ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿ ವಿಚಾರಿಸುವುದು ಅವಳ ಕೆಲಸ. ನಿನ್ನೆ ಊಟದ ಹೊತ್ತಿಗೆ ಬಂದು, ‘ಏಯ್, ನೀನು ಆ ದ್ವೀಪದವಳಲ್ವಾ? ಲಿಯಾಂಡರ್ ಫ್ರಿಪ್ ಅಂತ ಒಬ್ಬರು ಗೊತ್ತಾ? ಕೀಮೋಗೆ ಬರಲೇ ಇಲ್ಲ, ಫೋನ್ ಎತ್ತಿದರೆ ಯಾರು ಯಾರು ಅಂತ ಕೂಗಿ ಇಡ್ತಾರೆ, ಪತ್ರಕ್ಕೆ ಉತ್ತರ ಇಲ್ಲ’ ಎಂದಳು. ಅವಳು ಹೆಸರು ಹೇಳಿ ಕೇಳಬಾರದು, ಅದು ಬೇರೆ ಮಾತು. ‘ಅಯ್ಯೋ ಮಾರಾಯ್ತಿ, ನಮ್ಮಲ್ಲಿ ಮರಕ್ಕೊಬ್ಬ ಫ್ರಿಪ್. ಲಿಯಾಂಡರ್ ಅಂತ ಯಾರೂ ಇಲ್ಲಪ್ಪ, ನನಗೆ ಗೊತ್ತಿಲ್ಲ’ ಎಂದು ನಕ್ಕುಬಿಟ್ಟೆ. ಆ ಊರಿನಲ್ಲಿ ಹುಟ್ಟಿ ಬೆಳೆದವಳು ಎಂದು ಹೆಸರು, ಒಬ್ಬ ಮನುಷ್ಯನ ಗುರುತಿಲ್ಲ ನಿನಗೆ ಎಂದು ಅವಳು ಕಾಲೆಳೆದಳು. ನಿನಗೆ ಗೊತ್ತಿದ್ದರೆ ಆ ಪುಣ್ಯಾತ್ಮನಿಗೆ ಎರಡು ಬೈದು ಆಸ್ಪತ್ರೆಗೆ ಕಳಿಸು.

ಬೆನ್ನೆ

*

ಫಿಲಡೆಲ್ಫಿಯಾ
ಮೇ 27, 2018

ಮಾವ,

ಎರಡು ವಾರಕ್ಕೂ ಮೇಲಾಯಿತು, ಉತ್ತರವಿಲ್ಲ. ತಡೆಯಲಾರದೆ ನಿನ್ನೆ ಅಂಚೆ ಕಚೇರಿಗೆ ಫೋನ್ ಮಾಡಿದೆ. ‘ಇದ್ದಾನೆ, ಇದ್ದಾನೆ. ಪ್ಯಾಂಟಿಗೆ ಹಗ್ಗ ಕಟ್ಕೊಂಡು ಬರ್ತಾನೆ ಈಗ, ಅಷ್ಟು ಇಳಿದಿದ್ದಾನೆ. ನೀನು ಬರೆದದ್ದು ಏನೋ ಅವನ ಜೇಬಲ್ಲೇ ಇರುತ್ತೆ’ ಎಂದಳು ಮಿಸ್ ಓರಾ. ಮುಂದೆ ಕೇಳಿದರೆ, ‘ಅವನ ಮಾತು ಅವನೇ ಆಡಲಿ ತಾಯಿ’ ಎಂದು ಇಟ್ಟುಬಿಟ್ಟಳು.

ಹೆರ್ನಿಯಾದಲ್ಲಿ ಯಾರೂ ಇಷ್ಟು ಇಳಿಯುವುದಿಲ್ಲ. ಏನಾಗಿದೆ? ನನಗೆ ಹೆದರಿಕೆಯಾಗುತ್ತಿದೆ. ಒಂದೇ ಸಾಲಾದರೂ ಬರೆ.

ಬೆನ್ನೆ

*

ಸೇಂಟ್ ಹೆಲೆನಾ
ಜೂನ್ 1, 2018

ಬೆನ್ನೆ ತಾಯಿ,

ಲಿಯಾಂಡರ್ ಫ್ರಿಪ್ ಸಿಕ್ಕಿದ. ಎರಡು ಬೈದೆ. ಅವನು ಕೇಳಲಿಲ್ಲ, ಕಿವುಡ.

ನಕ್ಕುಬಿಡು. ನಗು ಬರದಿದ್ದರೆ ಪತ್ರ ಮಡಿಸಿಟ್ಟು ಆಮೇಲೆ ಓದು.

ನಮ್ಮ ಅಜ್ಜ ಮನೆಯ ಬೈಬಲ್ಲಿನಲ್ಲಿ ನನಗೆಂದು ಬರೆಸಿದ ಹೆಸರು ಅದು. ಬಳಸಿದವರು ಮೂವರೇ: ಸೇನೆಯವರು, ತೆರಿಗೆಯವರು, ಈಗ ಆಸ್ಪತ್ರೆಯವರು. ನಿನಗೆ ಅದು ನನ್ನ ಹೆಣದ ಮುಂದೆ ಹಂಚುವ ಕಾಗದದಲ್ಲಿ ಗೊತ್ತಾಗಬೇಕಿತ್ತು, ಎಲ್ಲರಿಗೂ ಆಗುವ ಹಾಗೆ. ಸ್ವಲ್ಪ ಮೊದಲೇ ಗೊತ್ತಾಯಿತು. ಬೈಬಲ್ಲಿನ ಶಿಷ್ಯ ಪೇತ್ರ ನಮ್ಮ ಸ್ವಾಮಿಯನ್ನು ಅರಿಯೆನೆಂದು ಮೂರು ಸಲ ಹೇಳಿದ. ನೀನು ಒಂದೇ ಸಲ. ಇನ್ನೂ ಎರಡು ಉಳಿದಿವೆ, ಜೋಪಾನ.

ಹೆರ್ನಿಯಾ ಎಂದದ್ದು ಸುಳ್ಳು. ಬಾಯ್ಸೀಗೆ ಆಣೆ ಹಾಕಿ ಬಾಯಿ ಕಟ್ಟಿಸಿದ್ದೆ. ಪ್ರಾರ್ಥನೆ ಮನೆಯಲ್ಲಿ ಕೈಯೆತ್ತಿದವನೂ ನಾನೇ. ಹೋದ ವರ್ಷದ ಈಸ್ಟರಿಗೆ ನೀನು ಬಂದು, ಐವತ್ತಾದವರೆಲ್ಲ ಕರುಳು ಪರೀಕ್ಷೆ ಮಾಡಿಸಿ ಎಂದು ಪೀಠದ ಮುಂದೆ ನಿಂತು ಹೇಳಿದಾಗ, ‘ಅಷ್ಟು ದೂರದಿಂದ ಬಂದು ನಮ್ಮ ಹಿಂಭಾಗ ನೋಡ್ತೀಯಲ್ಲಮ್ಮ’ ಎಂದು ಹಾಸ್ಯ ಮಾಡಿ ಎಲ್ಲರನ್ನೂ ನಗಿಸಿದವನು ನಾನು. ಆಗಲೇ ನನಗೆ ರಕ್ತ ಹೋಗುತ್ತಿತ್ತು. ಯಾವ ಮುಖ ಇಟ್ಟುಕೊಂಡು ನಿನಗೆ ಹೇಳಲಿ? ನಾನು ನಗಿಸಿದ್ದರಿಂದ ಅವತ್ತು ಎಷ್ಟು ಜನ ಸುಮ್ಮನೆ ಮನೆಗೆ ಹೋದರೋ, ಅದು ನನ್ನ ತಲೆಯ ಮೇಲೇ ಇದೆ.

ಕೀಮೋಗೆ ಏಪ್ರಿಲ್‌ನಲ್ಲಿ ಬಾ ಎಂದಿದ್ದರು. ಹೋಗುವವನೇ ಇದ್ದೆ, ಬಾಯ್ಸೀ ಗಾಡಿಗೆ ಎಣ್ಣೆಯನ್ನೂ ಹಾಕಿಸಿದ್ದ. ಹಿಂದಿನ ದಿನ ನಿನ್ನ ಪತ್ರ ಬಂತು. ಅರವತ್ನಾಲ್ಕು, ಗಂಡಸು, ಎಡಭಾಗ, ನಮ್ಮ ಜಿಲ್ಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊಟ್ಟೆ ಮುಟ್ಟಿ ನೋಡಿಕೊಂಡೆ. ಔಷಧಿ ಕೊಟ್ಟರೂ ಎಷ್ಟು ಹಿಡಿಯುತ್ತದೋ ಎಂದು ನೀನೇ ಬರೆದಿದ್ದೆ. ಬೇರೆ ಡಾಕ್ಟರು ಹೇಳಿದ್ದರೆ ಇನ್ನೊಬ್ಬನನ್ನು ಕೇಳುತ್ತಿದ್ದೆ. ಬಾಯ್ಸೀಗೆ ‘ನಾಳೆ ಬೇಡ’ ಎಂದೆ.

ಸಾಯುವುದಕ್ಕೆ ನನಗೆ ಅಂಥ ಹೆದರಿಕೆಯಿಲ್ಲ. ನೋವಾದದ್ದು ಬೇರೆ. ಜೀವಮಾನವಿಡೀ ದುಡಿದ ಮೈ ಇದು. ಇದರೊಳಗೂ ಕೈ ಕಟ್ಟಿ ನಿಂತವರಿದ್ದಾರಲ್ಲ, ಹಾಲಿಸ್ ಹೇಳಿದ್ದೇ ನಿಜವಾಯಿತಲ್ಲ ಎಂದು.

ನಿನ್ನ ಮೇಲೆ ಕೋಪವಿಲ್ಲ. ಇತ್ತು. ಈಗಿಲ್ಲ.

ಕೂಟಾ

*

ಫಿಲಡೆಲ್ಫಿಯಾ
ಜೂನ್ 4, 2018

ಮಾವ,

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಎರಡನ್ನೂ ಮಾಡಿದೆ.

ಬೆಳಗಿನಿಂದ ನಾಲ್ಕು ಸಲ ಬರೆದು ಹರಿದೆ. ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ಆಮೇಲೆ ಸುಮ್ಮನೆ ಜಗಲಿಯಲ್ಲಿ ಕೂರುತ್ತೀಯ. ಅದು ನನಗೆ ಬೇಡ. ಈ ಪತ್ರ ಓದಿ ಮುಗಿಸಿ ಎದ್ದು ಬಾಯ್ಸೀ ಮನೆಗೆ ಹೋಗು. ಅಷ್ಟು ಮಾಡು, ಆಮೇಲೆ ಬೇಕಾದರೆ ನನ್ನ ಮುಖ ನೋಡಬೇಡ.

ಔಷಧಿ ಎಷ್ಟು ಹಿಡಿಯುತ್ತದೋ ಎಂದು ಬರೆದೆನಲ್ಲ, ಅದು ಕೀಮೋದ ಮಾತಲ್ಲ! ಕಾವಲುಗಾರರನ್ನು ಬಡಿದೆಬ್ಬಿಸುವ ಹೊಸ ಬಗೆಯ ಔಷಧಿಗಳಿವೆ, ನನ್ನ ತಲೆಯ ತುಂಬ ಹಗಲೂ ರಾತ್ರಿ ಅವೇ. ‘ಹೊಸ ಔಷಧಿ’ ಎಂದು ಬರೆಯಬೇಕಿತ್ತು. ‘ಹೊಸ’ ಎಂಬ ಎರಡಕ್ಷರ ಬಿಟ್ಟೆ. ಕೀಮೋ ಕಾವಲುಗಾರರನ್ನು ನೆಚ್ಚಿಕೊಂಡು ಕೂರುವುದಿಲ್ಲ, ತಾನೇ ಹೋಗಿ ಗುಡಿಸುತ್ತದೆ. ನಿನ್ನಂಥವರಿಗೇ ಅದನ್ನು ಕೊಡುವುದು. ನಾನು ಎರಡಕ್ಷರ ನುಂಗಿದೆ, ನೀನು ಎರಡು ತಿಂಗಳು ಕಳೆದುಕೊಂಡೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಾವು ಇಲ್ಲಿ ಆ ಕಾವಲುಗಾರರಿಗೆ ಹೇಳುವ ಪದ ‘ದಣಿದವರು’. ಕಥೆ ಚಂದ ಕಾಣಲಿ ಎಂದು ನಾನು ‘ಕೈ ಕಟ್ಟಿ ನಿಂತವರು’ ಎಂದು ಬರೆದೆ. ಹಾಗಲ್ಲ ಮಾವ. ಗಡ್ಡೆಯನ್ನು ಕಂಡೇ ಇಲ್ಲದ ಕಾವಲುಗಾರನಿಗೆ ದಣಿವಾಗುವುದಿಲ್ಲ. ದೂರದಲ್ಲಿ ಸುಮ್ಮನೆ ಅಲೆಯುವವನಿಗೂ ಆಗುವುದಿಲ್ಲ. ಶತ್ರುವಿನ ಎದುರು ದಿನಗಟ್ಟಲೆ, ತಿಂಗಳುಗಟ್ಟಲೆ, ಬಿಡುವಿಲ್ಲದೆ ಹೊಡೆದಾಡಿದವನಿಗೆ ಮಾತ್ರ ಆ ಗುರುತುಗಳು ಮೈಮೇಲೆ ಮೂಡುತ್ತವೆ. ನಾನು ಗಾಜಿನಲ್ಲಿ ಕಂಡದ್ದು ಆ ಗುರುತು. ನಿನ್ನವರು ಬಂದು ಹೊಡೆದಾಡಿದ್ದಾರೆ. ಯಾರಿಗೂ ಹೇಳದೆ, ನಿನ್ನ ಹಾಗೆಯೇ. ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತವರನ್ನು ನೋಡಿ ಹಾಲಿಸ್ ಹೇಳಿದ್ದನ್ನೇ ನಾನೂ ಹೇಳಿದೆ. ನಿನ್ನ ಜಗಲಿಯಲ್ಲಿ ಬೆಳೆದು, ನಿನ್ನ ದುಡಿಮೆ ತಿಂದು ಓದಿದವಳು. ನನಗೆ ನಾಚಿಕೆಯಾಗುತ್ತಿದೆ.

ನಮ್ಮವರಲ್ಲಿ ಇದು ಹೆಚ್ಚು ಏಕೆ ಎಂದು ಕೇಳುತ್ತೀಯ. ಗೊತ್ತಿಲ್ಲ. ರೋಗ ತಡವಾಗಿ ಕಂಡದ್ದಕ್ಕೋ, ಆಸ್ಪತ್ರೆ ದೂರವಿದ್ದದ್ದಕ್ಕೋ, ಉಸಿರಾಡಿದ ಹೊಗೆಗೋ, ತಿಂದ ಅನ್ನಕ್ಕೋ, ಹಾಲಿಸ್‌ನಂಥವರನ್ನು ಸಹಿಸಿಕೊಂಡದ್ದಕ್ಕೋ. ರಕ್ತದಲ್ಲೇ ಬಂದದ್ದು ಎಂದು ಯಾರೂ ತೋರಿಸಿಲ್ಲ. ಬಿಳಿಯರ ಗಾಜುಗಳಲ್ಲೂ ದಣಿದವರಿದ್ದಾರೆ, ನಮ್ಮವರಲ್ಲೂ ಚುರುಕಾದವರಿದ್ದಾರೆ. ನೂರಾರು ಗಾಜು ನೋಡಿ ಒಂದು ಮಾತು ಹೇಳಬಹುದು. ಒಂದು ಗಾಜು ನೋಡಿ ಒಬ್ಬ ಮನುಷ್ಯನ ಹಣೆಬರಹ ಹೇಳಬಾರದು. ಇದು ನನಗೆ ಗೊತ್ತಿತ್ತು. ಆದರೂ ಹೇಳಿದೆ, ಅದೂ ಪರರ ಗಾಜಿನ ಗುಟ್ಟನ್ನು ಪತ್ರದಲ್ಲಿ ಬರೆದು.

ಇಷ್ಟಾದ ಮೇಲೆ ಆ ಹೆಸರು. ನಿನಗೆ ಬರೆದ ಪ್ರತಿ ಲಕೋಟೆಯ ಮೇಲೆ ಡೀಕನ್ ಕೂಟಾ. ನಿನ್ನ ಹೆಸರೇನು ಎಂದು ಒಂದು ದಿನವೂ ಕೇಳಲಿಲ್ಲ. ‘ಯಾರು ಯಾರು ಅಂತ ಕೂಗಿ ಇಡ್ತಾರೆ’ ಎಂದು ಡೆನೀಸ್ ಹೇಳಿದಳಲ್ಲ, ಆಗಲಾದರೂ ನನ್ನ ತಲೆಗೆ ಹೊಳೆಯಬಾರದಿತ್ತೇ? ನಾನು ಸ್ಯಾಂಡ್‌ವಿಚ್ ತಿನ್ನುತ್ತ ನಗುತ್ತಿದ್ದೆ.

ತಡವಾಗಿದೆ. ಸುಳ್ಳು ಹೇಳುವುದಿಲ್ಲ. ತಡವಾದಷ್ಟೂ ಕೀಮೋದ ಫಲ ಕಡಿಮೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಇವತ್ತೇ ಹೋಗು. ನಾನು ಶನಿವಾರದ ರೈಲಿಗೆ ಹೊರಟು ಯೆಮಸ್ಸೀಯಲ್ಲಿ ಇಳಿಯುತ್ತೇನೆ.

ಬೆನ್ನೆ

*

ಸೇಂಟ್ ಹೆಲೆನಾ
ಜೂನ್ 27, 2018

ಬೆನ್ನೆ ತಾಯಿ,

ನೀನು ರೈಲು ಹತ್ತಿ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಲಂಗರಿಗೆ ಈ ಸಲವೂ ನೀನು ಎಡವಿದ್ದನ್ನು ನೋಡಿದೆ. ಅದನ್ನು ಯಾರಿಗೂ ಕೊಡುವುದಿಲ್ಲ.

ನಿನ್ನೆ ಎರಡನೆಯ ಸಲದ ಕೀಮೋ. ಮೊದಲ ಸಲ ನೀನಿದ್ದೆ, ಹೆಸರು ಕೂಗಿದಾಗ ತಿವಿದು ಎಬ್ಬಿಸಿದೆ. ಈ ಸಲ ಬಾಯ್ಸೀ ಗಾಡಿ ನಿಲ್ಲಿಸಲು ಹೋಗಿದ್ದ. ನರ್ಸ್ ಬಂದು ಕೂಗಿದಳಂತೆ. ನನಗೆ ಕೇಳಲಿಲ್ಲ. ಕೇಳಿದ್ದರೂ, ಆ ಹೆಸರಿಗೆ ತಿರುಗಿ ನೋಡುವ ಅಭ್ಯಾಸ ನನಗಿಲ್ಲ. ಮೂರು ಸಲ ಕೂಗಿ, ಬಂದಿಲ್ಲ ಎಂದು ಹೊರಟಿದ್ದಳಂತೆ. ಅಷ್ಟರಲ್ಲಿ ಬಾಯ್ಸೀ ಓಡಿಬಂದು, ‘ಕೂಟಾ! ಏಳೋ ಮುದುಕಾ, ಲಿಯಾಂಡರ್ ನೀನೇ ಕಣೋ!’ ಎಂದು ಭುಜ ಹಿಡಿದು ಅಲುಗಾಡಿಸಿದ. ಪಕ್ಕದ ಮುದುಕಿ ನಕ್ಕು ನಕ್ಕು ಕೆಮ್ಮಿದಳು. ಅವಳದ್ದೂ ಅದೇ ರೋಗ, ಅವಳೂ ನಮ್ಮವಳೇ. ನಿನ್ನ ಮಾತು ಅವಳಿಗೆ ಹೇಳಿದೆ, ಸುಮ್ಮನೆ ನಿಂತವರಲ್ಲ, ದಣಿದವರು ಎಂದು. ಅವಳು ನನ್ನ ಕಿವಿಯ ಹತ್ತಿರಕ್ಕೆ ಬಾಗಿದಳು. ಆಮೇಲೆ ‘ಯಾರಾದ್ರೂ ಒಬ್ಬರು ಹೇಳಿದರಲ್ಲ’ ಎಂದಳು.

ನೀನು ಹಿತ್ತಲಲ್ಲಿ ಅತ್ತದ್ದು ನನಗೆ ಕೇಳಲಿಲ್ಲ ಎಂದುಕೊಂಡಿದ್ದೀಯ. ಕೇಳಲಿಲ್ಲ ನಿಜ. ಕಿಟಕಿಯಿಂದ ಕಾಣಿಸಿತು.

ಬಾಯಿಯೆಲ್ಲ ತಗಡು ನೆಕ್ಕಿದ ಹಾಗಿದೆ. ಉಳಿದಂತೆ ಚೆನ್ನಾಗಿದ್ದೇನೆ.

ಕೂಟಾ

*

ಸೇಂಟ್ ಹೆಲೆನಾ
ಜನವರಿ 14, 2019

ಬೆನ್ನೆ ತಾಯಿ,

ಕೀಮೋ ಎಲ್ಲ ಮುಗಿದು ಮೊದಲ ಸಲ ಹೊಟ್ಟೆಯ ಚಿತ್ರ ತೆಗೆದರು. ಈ ಸಲ ಹೆರ್ನಿಯಾ ಎನ್ನುವುದಿಲ್ಲ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಪತ್ರದ ತಲೆಯಲ್ಲೇ.

ಯಕೃತ್ತಿನಲ್ಲಿ ಒಂದು ಚುಕ್ಕೆ ಇದೆ. ಡಾಕ್ಟರು ಚಿಕ್ಕ ಹುಡುಗ, ಬಿಳಿಯ, ಒಳ್ಳೆಯವನು. ನನಗೆ ಕೇಳಲಿ ಎಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾನೆ. ‘ಎಷ್ಟು ದೊಡ್ಡದು?’ ಎಂದೆ. ಅವನು ಯೋಚಿಸಿ ಬರೆದ: ಒಂದು ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ನಾನು ಜೋರಾಗಿ ನಕ್ಕುಬಿಟ್ಟೆ. ಅವನಿಗೆ ಗಾಬರಿಯಾಯಿತು. ನಮ್ಮ ಕಡೆ ಎಳ್ಳಿಗೆ ಬೆನ್ನೆ ಎನ್ನುತ್ತೇವೆ ಎಂದು ಆ ಮಗುವಿಗೆ ಹೇಗೆ ಗೊತ್ತಿರಬೇಕು? ನೀನು ಹುಟ್ಟಿದಾಗ ಅಷ್ಟೇ ಇದ್ದೆ, ಅಂಗೈಯಲ್ಲಿ ಕೂರುವಷ್ಟು. ನಾನೇ ಇಟ್ಟ ಹೆಸರು ಅದು.

ಇದನ್ನು ನಿನಗೆ ಬರೆಯಬಾರದು ಎಂದುಕೊಂಡೆ. ಓದಿ ಏನೇನೋ ಅಂದುಕೊಳ್ಳುತ್ತೀಯ ಎಂದು ಗೊತ್ತು. ಆದರೆ ನಾನು ಮುಚ್ಚಿಟ್ಟದ್ದೂ ನೀನು ಬಿಚ್ಚಿಟ್ಟದ್ದೂ ಸೇರಿ ಒಮ್ಮೆ ಆದದ್ದು ಸಾಕು. ಆ ಎರಡು ತಿಂಗಳು ಹೋಗಿರದಿದ್ದರೆ ಇದು ಬರುತ್ತಿರಲಿಲ್ಲವೇ ಎಂದು ಅವನನ್ನು ಕೇಳಿದೆ, ನಿನಗೋಸ್ಕರವೇ ಕೇಳಿದೆ. ಅವನು ‘ಹೇಳಲಾಗದು’ ಎಂದು ಬರೆದ. ಆ ಹಾಳೆ ನಾನು ಮನೆಗೆ ತರಲಿಲ್ಲ.

ಒಂದೇ ಇದೆ, ಚಿಕ್ಕದಿದೆ, ಕೊಯ್ದು ತೆಗೆಯಬಹುದು ಎನ್ನುತ್ತಾರೆ. ಫೆಬ್ರವರಿ ಮೊದಲ ವಾರ. ಬರುತ್ತೇನೆ ಎಂದು ಹೇಳಿದ್ದೇನೆ. ಬಾಯ್ಸೀ ಗಾಡಿಗೆ ಎಣ್ಣೆ ಹಾಕಿಸಿದ್ದಾನೆ, ಈಗಲೇ, ಇನ್ನೂ ಮೂರು ವಾರ ಇರುವಾಗಲೇ.

ಕೂಟಾ

*

ಫಿಲಡೆಲ್ಫಿಯಾ
ಜನವರಿ 18, 2019

ಕೂಟಾ ಮಾವನಿಗೆ,

ನೀನು ನಕ್ಕೆ ಎಂದು ಬರೆದೆ. ನನಗೆ ನಗು ಬರಲಿಲ್ಲ. ಎಳ್ಳು ಎಂಬ ಪದ ಓದಿ ಪತ್ರ ಮಡಿಸಿಟ್ಟೆ. ಇನ್ನು ಯಾರಾದರೂ ನನ್ನನ್ನು ಬುಟ್ಟಿ ಹೆಸರಿನಲ್ಲಿ ಕರೆದರೆ ನನಗೆ ಆ ಚುಕ್ಕೆಯೇ ಕಾಣುತ್ತದೆ. ಕಾಣಲಿ. ನೀನು ಏನು ಹೇಳಿದರೂ ಇದು ನನ್ನಿಂದ ಹೋಗುವುದಿಲ್ಲ, ಹೋಗಲಿ ಎಂದು ನಾನು ಕೇಳುವುದೂ ಇಲ್ಲ. ಮುಚ್ಚಿಡದೆ ಬರೆದೆಯಲ್ಲ, ಅದಕ್ಕೆ ನಾನು ನಿನಗೆ ಋಣಿ.

ನಿನ್ನ ಗಾಜುಗಳನ್ನು ಬೇರೆಯವರಿಗೆ ಕೊಟ್ಟಿದ್ದೇನೆ, ನಾನು ಮುಟ್ಟುವುದಿಲ್ಲ. ಫೆಬ್ರವರಿ ಒಂದಕ್ಕೆ ಹೊರಡುತ್ತೇನೆ. ಒಂದು ತಿಂಗಳು ಇರುತ್ತೇನೆ. ಆಪರೇಷನ್ ದಿನ ಅವರು ಯಾವ ಹೆಸರು ಕೂಗಿದರೂ ಎದ್ದು ನಿಲ್ಲುವವಳು ನಾನು. ಅಮ್ಮನ ಕುರ್ಚಿಯ ಧೂಳು ಒರೆಸಿಡು. ಈ ಲಕೋಟೆಯ ಮೇಲೆ ಎರಡೂ ಹೆಸರು ಬರೆದಿದ್ದೇನೆ. ಮಿಸ್ ಓರಾ ಏನೆಂದು ಕಿರುಚುತ್ತಾಳೋ ನೋಡೋಣ.

ಇವತ್ತು ಊಟದ ಹೊತ್ತಿಗೆ ಡೆನೀಸ್ ಮತ್ತೆ ಬಂದಳು. ಹೆಸರು ಹೇಳಬಾರದು ಎಂದು ಅವಳಿಗೂ ಈಗ ಗೊತ್ತು, ಅದಕ್ಕೆ ಬಾಗಿಲಲ್ಲೇ ನಿಂತು ತಡವರಿಸಿದಳು. ‘ನಿಮ್ಮ ದ್ವೀಪದವರೇ ಇನ್ನೊಬ್ಬರು, ಒಬ್ಬ ಹೆಂಗಸು. ಎರಡು ಸಲ ಬಂದರು, ಆಮೇಲೆ ಪತ್ತೆಯಿಲ್ಲ. ನಿನಗೆ ಗೊತ್ತಾ ಅಂತ...’

‘ಗೊತ್ತು’ ಎಂದೆ.

ಸ್ಯಾಂಡ್‌ವಿಚ್ ಅಲ್ಲೇ ಇಟ್ಟು ಎದ್ದು, ದ್ವೀಪದವರೆಲ್ಲರ ಗುರುತು ಬಲ್ಲ ಮಿಸ್ ಓರಾಗೆ ಫೋನ್ ಹಚ್ಚಿದೆ. ಡೆನೀಸ್ ಇನ್ನೂ ಹೆಸರು ಹೇಳಿರಲಿಲ್ಲ.

ಬೆನ್ನೆ